ನಡುವಿನ ನಾಲ್ಕು ಹಾಳೆ

ಬೂಗನ್‌ವಿಲ್ ದ್ವೀಪ, ೧೯೪೫

ಮೇ ೩
ಮಳೆ.
ಬ್ರೋಕನ್ ಹಿಲ್‌ನಲ್ಲಿ ಹುಟ್ಟಿದವನಿಗೆ ಮಳೆಯೆಂದರೆ
ವರ್ಷಕ್ಕೆರಡು ಸಲ ಬರುವ ನೆಂಟ,
ಅಂಗಳದಲ್ಲೇ ನಿಂತು ಮಾತಾಡಿ ಹೊರಟುಬಿಡುವವನು.
ಇಲ್ಲಿ ಅವನು ಹಾಸಿಗೆಯೊಳಗೇ ಬಂದು ಮಲಗಿದ್ದಾನೆ,
ಬೂಟಿನಲ್ಲಿ, ಬಿಸ್ಕತ್ತಿನಲ್ಲಿ, ಬಂದೂಕಿನ ನಳಿಗೆಯಲ್ಲಿ.
ಡೈರಿ ಬರೆಯಬಾರದೆಂದು ಆಜ್ಞೆ.
ಪೆನ್ಸಿಲ್ ಹೆಬ್ಬೆರಳಷ್ಟು ಉಳಿದಿದೆ.

ಮೇ ೯
ನನ್ನ ಕೆಲಸ ತಂತಿ ಎಳೆಯುವುದು,
ಮರದಿಂದ ಮರಕ್ಕೆ, ಕೆಸರಿನಿಂದ ಕೆಸರಿಗೆ.
ಒಂದು ತುದಿಯಲ್ಲಿ ಕ್ಯಾಪ್ಟನ್ನನ ಕೆಮ್ಮು,
ಇನ್ನೊಂದರಲ್ಲಿ ಫಿರಂಗಿಯವರ ಆಕಳಿಕೆ.
ರಾತ್ರಿ ಯಾರೋ ಕತ್ತರಿಸುತ್ತಾರೆ.
ಬೆಳಿಗ್ಗೆ ತುದಿಗಳನ್ನು ಹುಡುಕಿ ಗಂಟು ಹಾಕುತ್ತೇನೆ.
ಅವನ ಕೈ ಗುರುತಾಗಿದೆ ನನಗೆ:
ಅಚ್ಚುಕಟ್ಟು ಮನುಷ್ಯ, ಓರೆಯಾಗಿ ಕೊಯ್ಯುತ್ತಾನೆ.

ಮೇ ೧೦
ಮರ್ವ್ ಟಾಲಿಯ ಎಡಗಾಲಿನಿಂದ ಹನ್ನೊಂದು ಜಿಗಣೆ.
ನಾನು ಒಂಬತ್ತೆಂದಿದ್ದೆ.
ಎರಡು ಸಿಗರೇಟು ಸೋತೆ, ಸಾಲ.

ತಾರೀಕು ಗೊತ್ತಿಲ್ಲ
ಜ್ವರ. ಮಾತ್ರೆ ನುಂಗಿ ನುಂಗಿ
ನಾವೆಲ್ಲ ಮಾಗಿದ ನಿಂಬೆಯ ಬಣ್ಣ.

ಮೇ ೨೧
ಬಳ್ಳಿಗೆ ಕಟ್ಟಿದ ಖಾಲಿ ಡಬ್ಬಗಳು
ರಾತ್ರಿ ಎರಡಕ್ಕೆ ಗಲಗಲ ಎಂದವು.
ಮರ್ವ್ ಹಾರಿಸಿದ. ನಾನೂ ಹಾರಿಸಿದೆ.
ಆಮೇಲೆ ಕಪ್ಪೆಗಳು ಮಾತ್ರ.
ಬೆಳಕಾದ ಮೇಲೆ ನೋಡಿದರೆ ಒಬ್ಬನೇ.
ಬಂದೂಕಿರಲಿಲ್ಲ. ಸೊಂಟದಲ್ಲಿ ತಂತಿ ಕತ್ತರಿ,
ಚೀಲದಲ್ಲಿ ಮೂರು ಕೆಸುವಿನ ಗೆಡ್ಡೆ,
ಅಂಟಿದ ಮಣ್ಣು ಇನ್ನೂ ಹಸಿ.
ಕತ್ತರಿ ನನ್ನದಕ್ಕಿಂತ ಒಳ್ಳೆಯದು. ತೆಗೆದುಕೊಂಡೆ.
ಮೇಣಬಟ್ಟೆಯಲ್ಲಿ ಸುತ್ತಿದ ನೋಟುಪುಸ್ತಕ. ಅದನ್ನೂ.

ಮೇ ೨೨
ಸಿಕ್ಕಿದ ಕಾಗದವೆಲ್ಲ ಮೇಲಿನವರಿಗೆ ಕಳಿಸಬೇಕು.
ಕಳಿಸಲಿಲ್ಲ.
ನನ್ನ ಹಾಳೆಗಳು ಅಂಬಲಿಯಾಗಿದ್ದವು, ಇವನವು ಒಣಗಿದ್ದವು.
ಅಷ್ಟೇ ಕಾರಣ ಎಂದು ಬರೆದಿಡುತ್ತೇನೆ.
ಹಳೆಯದನ್ನೆಲ್ಲ ಇದಕ್ಕೆ ಇಳಿಸಿಕೊಂಡೆ.
ಅವರ ಪುಸ್ತಕ ನಮ್ಮ ಕೊನೆಯಿಂದ ಶುರುವಾಗುತ್ತದೆ,
ಹಾಗಾಗಿ ಅವನು ಆ ಕಡೆಯಿಂದ, ನಾನು ಈ ಕಡೆಯಿಂದ.
ಅವನ ಅಕ್ಷರ ಸೂರಿನ ನೀರಿನ ಹಾಗೆ
ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ; ಒಂದೂ ತಿಳಿಯದು.
ಒಂದು ಪುಟದಲ್ಲಿ ಕೆಸುವಿನ ಎಲೆ ಬಿಡಿಸಿದ್ದಾನೆ,
ನರಗಳ ಸಮೇತ. ಒಂದು ನರ ಅಳಿಸಿ ತಿದ್ದಿದ್ದಾನೆ.
ಅಷ್ಟು ಹಸಿದವನು ತಿದ್ದುತ್ತಾನೆಯೇ?

ಜೂನ್ ೪
ತಂತಿ ಇವತ್ತು ತುಂಡಾಗಿಲ್ಲ. ನಿನ್ನೆಯೂ ಇಲ್ಲ.
ಆದರೂ ಹೋಗಿ ನೋಡಿ ಬಂದೆ.

ಜೂನ್ ೧೭
ಮರ್ವ್.
ನಾಳೆ ಬರೆಯುತ್ತೇನೆ.

ಜುಲೈ ೨
ಬರೆಯಲಿಲ್ಲ.
ಎರಡು ಸಿಗರೇಟು ಎಡಜೇಬಿನಲ್ಲಿವೆ,
ಬೂಷ್ಟು ಹಿಡಿದಿವೆ.

ಆಗಸ್ಟ್ ೧೬
ಯುದ್ಧ ಮುಗಿಯಿತಂತೆ.
ಸುದ್ದಿ ನನ್ನ ತಂತಿಯಲ್ಲೇ ಬಂತು.
ಇನ್ನೊಮ್ಮೆ ಹೇಳಿ ಎಂದೆ.
ಎಲ್ಲೂ ಗರಗರ ಇಲ್ಲ, ಗಂಟು ಬಿಗಿಯಾಗಿತ್ತು,
ಕೇಳಿಸಿದ್ದು ಸರಿಯೇ.

ಆಗಸ್ಟ್ ೨೦
ಸಿವಾಯ್ ಸೀಮೆಯ ಹೊರೆಯಾಳು ಓಪಿಸಾ ಕೇಳಿದ,
ಆ ಪುಸ್ತಕದಲ್ಲಿ ಏನಿದೆ?
ಸತ್ತವರು, ಎಂದೆ.
ಆ ಕೆಸುವಿನ ತೋಟ ನಮ್ಮವ್ವನದು, ಎಂದ.
ಅದಕ್ಕೆ ಮೊದಲು ಅವಳ ಅವ್ವನದು, ಅವಳವ್ವನದು.
ಅವನು ಕದ್ದು ಅಗೆದದ್ದು ಅಲ್ಲೇ,
ನೀನು ಅಡಗಲು ಹೊಂಡ ತೋಡಿದ್ದೂ ಅಲ್ಲೇ.
ನಮ್ಮ ತೆಂಗು ಕಡಿದು ಬಂಕರಿಗೆ ಹಾಸಿದವರು ಅವರು,
ಉಳಿದದ್ದರ ತಲೆ ಹಾರಿಸಿದವರು ನೀವು.
ಅದು ಇದರಲ್ಲಿದೆಯೋ?

ಮಗುಚಿ ನೋಡಿದೆ.
ಅವನ ಕಡೆ ಇದ್ದರೂ ಇರಬಹುದು.
ನನ್ನ ಕಡೆ ಇರಲಿಲ್ಲ.

ನಡುವೆ ನಾಲ್ಕು ಹಾಳೆ ಖಾಲಿ.
ಪೆನ್ಸಿಲ್ ಕೊಟ್ಟೆ. ಕೊಡಲಿ ಹಿಡಿದಂತೆ ಹಿಡಿದ.
ಒಂದು ಮರಕ್ಕೆ ಒಂದು ಗೆರೆ.
ಇದು ಅಕ್ಕ ಹುಟ್ಟಿದಾಗ ನೆಟ್ಟದ್ದು,
ಇದು ಹೊಳೆಯ ಕಡೆ ಬಾಗಿದ್ದು,
ಇದಕ್ಕೆ ಹಂದಿ ಕಟ್ಟುತ್ತಿದ್ದೆವು,
ಇದರ ಎಳನೀರು ಸ್ವಲ್ಪ ಉಪ್ಪು…
ನಲವತ್ತಮೂರನೆಯ ಗೆರೆಗೆ ಮೊನೆ ಮುರಿಯಿತು.

ಇನ್ನೂ ಇವೆ, ಎಂದ.
ಚಾಕು ಕೊಟ್ಟೆ.